ಹೊಸ ವಿಮಾನಕ್ಕೆ ಕೊಯ್ದ ಕುರಿ

ಹೊಸ ವಿಮಾನ ಬಂದಿಳಿದ ದಿನದಿಂದ ಕಬ್ಡೇಶನಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ದೇಶದ ಅಧ್ಯಕ್ಷರನ್ನು ಹೊತ್ತು ತಿರುಗುವ ಹಳೆಯ ವಿಮಾನದಲ್ಲಿ ಎಡಗಡೆಯ ಸೀಟು, ಅಂದರೆ ಕ್ಯಾಪ್ಟನ್ ಕೂರುವ ಸೀಟು, ಇಷ್ಟು ವರ್ಷ ಅವನದಾಗಿತ್ತು. ಹೊಸದರಲ್ಲಿ ಅಲ್ಲಿ ಯಾರು ಕೂರುತ್ತಾರೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ನಗುತ್ತಿದ್ದರು. ಆ ನಗು ಅವನಿಗೆ ಅನ್ನ ಸೇರದಂತೆ ಮಾಡಿತ್ತು.

ಹಳೆಯದು ಮುದಿಯಾಗಿತ್ತು, ಅದನ್ನು ಅವನೂ ಅಲ್ಲಗಳೆಯುವವನಲ್ಲ. ಸೋವಿಯತ್ ಕಾಲದ ಒಡಲು. ಅಧ್ಯಕ್ಷರು ಮಲಗುವ ಕೋಣೆಯ ಬಾಗಿಲು ಮೋಡ ಸಿಕ್ಕಾಗಲೆಲ್ಲ ತಾನಾಗಿ ತೆರೆದುಕೊಳ್ಳುತ್ತಿತ್ತು. ಹೋದ ವರ್ಷ ಪರದೇಶದಲ್ಲಿ ಒಂದು ಎಂಜಿನ್ ಹಟ ಹಿಡಿದು ಕೂತುಬಿಟ್ಟಿತು. ಅಧ್ಯಕ್ಷರು ನೆರೆದೇಶದವರ ವಿಮಾನ ಕೇಳಿ ಪಡೆದು ಮನೆಗೆ ಬರಬೇಕಾಯಿತು. ದೇಶದ ಮಾನ ಮೂರು ಕಾಸಿಗೆ ಹರಾಜಾಯಿತು. ಹೊಸ ವಿಮಾನದ ಮಾತು ಎದ್ದದ್ದು ಆಮೇಲೆ.

ಅದು ಹ್ಯಾಂಗರಿಗೆ ಬಂದದ್ದೇ ತಡ, ಭದ್ರತೆಯವರು ಮುತ್ತಿಕೊಂಡರು. ಸೀಟು ಬಿಚ್ಚಿದರು, ನೆಲಹಾಸು ಕಿತ್ತರು, ಕಕ್ಕಸಿನ ಕನ್ನಡಿಯ ಹಿಂದೆ ಟಾರ್ಚು ಬಿಟ್ಟು ನೋಡಿದರು. ಮಾರಿದವರು ಎಲ್ಲಾದರೂ ಕದ್ದು ಕೇಳುವ ಯಂತ್ರ ಅಡಗಿಸಿಟ್ಟಿದ್ದರೆ? ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲವೆಂದೇ ಅವರ ಅನುಮಾನ ಇನ್ನಷ್ಟು ಹೆಚ್ಚಾಯಿತು. ವಿಮಾನದಲ್ಲಿ ಹುಡುಕಿ ಮುಗಿದ ಮೇಲೆ ಮನುಷ್ಯರ ಕಡೆ ತಿರುಗಿದರು.

ಕಬ್ಡೇಶನ ಅನುಮಾನವೆಲ್ಲ ಒಬ್ಬನ ಮೇಲಿತ್ತು. ಅವನ ಬಲಗಡೆಯ ಸೀಟಿನಲ್ಲಿ ಕೂತು ಹಾರಿಸುವ ಸಹಚಾಲಕ ಎರ್ಸಾಯಿನ್. ತಾಯಿತಂದೆ ಇಲ್ಲದವನು, ಅನಾಥಾಲಯದಲ್ಲಿ ಬೆಳೆದವನು, ಕಬ್ಡೇಶನನ್ನು 'ಆಗಾ' ಎಂದರೆ ಅಣ್ಣ ಎಂದೇ ಕರೆಯುತ್ತಿದ್ದವನು. ಹೊಸ ವಿಮಾನ ಕಲಿಯಲು ಮೊದಲು ವಿದೇಶಕ್ಕೆ ಕಳಿಸಿದ್ದು ಕ್ಯಾಪ್ಟನ್ನನ್ನಲ್ಲ, ಇವನನ್ನು. ತಿರುಗಿ ಬಂದ ಮೇಲೆ ಇವನ ವರಸೆಯೇ ಬದಲಾಗಿತ್ತು. ಮೂಲೆಗೆ ಹೋಗಿ ಫೋನಿನಲ್ಲಿ ಮೆತ್ತಗೆ ಮಾತಾಡುತ್ತಾನೆ, ಕಬ್ಡೇಶ್ ಹತ್ತಿರ ಬಂದರೆ ಫೋನು ಜೇಬಿಗೆ ಇಳಿಯುತ್ತದೆ.

"ಯಾರೋ ಅದು?" ಎಂದು ಒಮ್ಮೆ ಕೇಳಿದ್ದ.

"ಯಾರೂ ಇಲ್ಲ ಆಗಾ. ಹಿಂಗೇ, ಗೊತ್ತಿರೋರು."

"ಗೊತ್ತಿರೋರ ಹತ್ರ ಇಷ್ಟು ಪಿಸಪಿಸ ಯಾಕೆ? ಹುಡುಗಿನಾ?"

"ಹುಡುಗಿ ಆಗಿದ್ರೆ ನಿಮಗೇ ಮೊದ್ಲು ಹೇಳ್ತಿದ್ದೆ," ಎಂದು ನಕ್ಕುಬಿಟ್ಟಿದ್ದ.

ಆ ಶುಕ್ರವಾರ ಮಧ್ಯಾಹ್ನ ವಿಮಾನಕ್ಕೆ ಕುರಿ ಕೊಯ್ದರು. ಹೊರಗೆ ಹುಲ್ಲುಗಾವಲಿನ ಗಾಳಿ ಹಿಮವನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಒರಿನ್‌ಬಸಾರ್, ಅಧ್ಯಕ್ಷರ ವಿಮಾನದಳದ ಮುಖ್ಯಸ್ಥ, ಬೆರಳನ್ನು ರಕ್ತದಲ್ಲಿ ಅದ್ದಿ ಮುಂದಿನ ಚಕ್ರಕ್ಕೆ ಬಳಿದ. ಆಮೇಲೆ ಎಲ್ಲರೂ ಹ್ಯಾಂಗರಿನ ಪಕ್ಕದ ಊಟದ ಮನೆಗೆ ನಡೆದರು. ಅಡುಗೆಯವಳಾದ ರಿಸ್ತಿಯ ಹಂಡೆಯಿಂದ ಮಾಂಸದ ಪರಿಮಳ ಬಾಗಿಲಿನವರೆಗೂ ಬಂದು ಎದುರುಗೊಳ್ಳುತ್ತಿತ್ತು.

ಈ ದಳದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೊಂದಿತ್ತು. ಹಳೆಯ ವಿಮಾನ ಬಂದಾಗಲೂ ಹೀಗೇ ಕುರಿ ಕೊಯ್ದಿದ್ದರು. ಬೇಯಿಸಿದ ತಲೆಯನ್ನು ತಟ್ಟೆಯಲ್ಲಿಟ್ಟು ಆಗಿನ ಕ್ಯಾಪ್ಟನ್ನನ ಮುಂದೆ ತಂದಿಟ್ಟಿದ್ದರು. ಅಂದಿನಿಂದ ತಲೆ ಯಾರ ಮುಂದೋ ಎಡಗಡೆಯ ಸೀಟು ಅವರದ್ದು ಎಂದೇ ನಂಬಿಕೆ. ಆದೇಶ ಬರುವ ಮೊದಲೇ ತಟ್ಟೆ ಹೇಳಿಬಿಡುತ್ತದೆ.

ಕಬ್ಡೇಶ್ ಕೈ ತೊಳೆಯಲು ಎದ್ದಾಗ ಕಾರಿಡಾರಿನಲ್ಲಿ ಭದ್ರತೆಯ ಮಿರ್ಜಾಬಾಯ್ ಸಿಕ್ಕಿದ. ಸದಾ ನೆಗಡಿಯಾದವನ ಹಾಗೆ ಮೆಲುದನಿಯಲ್ಲಿ ಮಾತಾಡುವ ಮನುಷ್ಯ.

"ನಿಮ್ಮ ಎರ್ಸಾಯಿನ್ ಹೇಗೆ, ಕ್ಯಾಪ್ಟನ್ನರೇ?"

"ಹೇಗೆ ಅಂದ್ರೆ?"

"ಅಷ್ಟು ದಿನ ಹೊರದೇಶದಲ್ಲಿ ಇದ್ದು ಬಂದ. ಯಾರ ಜೊತೆ ಕೂತ, ಯಾರ ಜೊತೆ ಉಂಡ, ನಮಗೇನು ಗೊತ್ತು? ಇವತ್ತೇ ನಾನು ಮೇಲಕ್ಕೆ ಹೇಳಬೇಕು. ನೀವು ಪಕ್ಕದಲ್ಲೇ ಕೂರೋರು. ಅನುಮಾನ ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ."

"ನನಗೇನೂ ಕಂಡಿಲ್ಲ," ಎಂದ ಕಬ್ಡೇಶ್.

"ಕಂಡ್ರೆ ನಾನು ಇಲ್ಲೇ ಇರ್ತೀನಿ."

ಕೂತವರಲ್ಲಿ ಚಿಕ್ಕವನಾದ್ದರಿಂದ ಬಡಿಸುವ ಕೆಲಸ ಎರ್ಸಾಯಿನ್‌ನದು. ತೋಳು ಮಡಚಿಕೊಂಡು ತಟ್ಟೆಗಳನ್ನು ಹೊತ್ತು ತಂದ. ಮುಖ್ಯಸ್ಥನಿಗೆ ಸೊಂಟದ ಮೂಳೆ, ಎಂಜಿನಿಯರಿಗೆ ತೊಡೆಯದು, ಹೀಗೆ ಅವರವರ ಯೋಗ್ಯತೆಗೆ ತಕ್ಕಂತೆ ಇಡುತ್ತ ಬಂದ. ಕಬ್ಡೇಶನ ಮುಂದೆಯೂ ಒಂದು ಸೊಂಟದ ಮೂಳೆ ಇಟ್ಟ. ಒಳ್ಳೆಯ ತುಂಡೇ. ಆದರೆ ತಲೆಯಲ್ಲ.

ತಲೆ ಎಲ್ಲಿ? ಕಬ್ಡೇಶ್ ಅಡುಗೆಮನೆಯ ಕಡೆ ಕತ್ತು ನೀಡಿದ. ತೆರೆದ ಬಾಗಿಲಲ್ಲಿ ರಿಸ್ತಿ ಕುರಿಯ ತಲೆಯನ್ನು ದೊಡ್ಡ ತಟ್ಟೆಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ ಪಕ್ಕಕ್ಕೆ ಸರಿಸುತ್ತಿದ್ದಳು. ಎರ್ಸಾಯಿನ್ ಅವಳ ಕಿವಿಯಲ್ಲಿ ಏನೋ ಉಸುರಿದ. ಇಬ್ಬರೂ ಕಬ್ಡೇಶನ ಕಡೆ ನೋಡಿ ಬಾಯಿ ಮುಚ್ಚಿ ನಕ್ಕರು. ಆಮೇಲೆ ಅವನು ಗಡಿಯಾರ ನೋಡಿಕೊಂಡ.

ಕಬ್ಡೇಶನ ಮೈ ಉರಿದುಹೋಯಿತು. ತನ್ನ ಮುಂದೆ ಇಡಲು ನಾಚಿಕೆ, ತಾನು ಎದ್ದು ಹೋದ ಮೇಲೆ ಆ ತಲೆ ಇವನ ಮುಂದೆ ಬರುತ್ತದೆ. ಹಾರಿಸುವುದನ್ನು ಕಲಿಸಿದ್ದು ತಾನು, ಹಿಮಗಾಳಿಯಲ್ಲಿ ಇವನ ಕೈ ನಡುಗಿದಾಗ ಚಾಲನೆಯ ಕೋಲು ಹಿಡಿದು ವಿಮಾನ ಇಳಿಸಿದ್ದು ತಾನು. ಬೆನ್ನಿಗೆ ಚೂರಿ ಹಾಕಲು ಇವನೇ ಆಗಬೇಕಿತ್ತೇ?

ಬಾಯಿ ಒರೆಸಿಕೊಂಡು ಎದ್ದ. ಕಾರಿಡಾರಿನಲ್ಲಿ ಮಿರ್ಜಾಬಾಯ್ ಇನ್ನೂ ನಿಂತಿದ್ದ.

"ಒಂದು ವಿಷಯ ಇದೆ," ಎಂದ ಕಬ್ಡೇಶ್. "ಬಂದಾಗಿನಿಂದ ಗುಟ್ಟಾಗಿ ಫೋನಲ್ಲಿ ಮಾತಾಡ್ತಾನೆ. ದಿನಾ. ನಾನು ಹೋದ್ರೆ ನಿಲ್ಲಿಸ್ತಾನೆ. ಯಾರು ಅಂತ ಹೇಳಲ್ಲ."

"ಅಷ್ಟೇನಾ?"

"ಅಷ್ಟೇ."

"ಅಷ್ಟು ಸಾಕು," ಎಂದ ಮಿರ್ಜಾಬಾಯ್, ಹೆಗಲು ಮುಟ್ಟಿ ಸಾಂತ್ವನ ಹೇಳುವವನಂತೆ.

ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ತನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತ ಕಬ್ಡೇಶ್ ಬಂದು ಕೂತ. ಸ್ವಲ್ಪ ಹೊತ್ತಿಗೆ ಯಾರೋ ಎರ್ಸಾಯಿನ್‌ನನ್ನು ಹೊರಗೆ ಕರೆದರು. ಅವನು ಕೈ ಒರೆಸುತ್ತ, "ಬಂದೆ ಆಗಾ, ಎದ್ದುಬಿಡಬೇಡಿ, ಇನ್ನೂ ಇದೆ," ಎಂದು ನಗುತ್ತಲೇ ಹೋದ. ಕಿಟಕಿಯಾಚೆ ಒಂದು ಕರಿ ಕಾರು ಹಿಮದಲ್ಲಿ ಮರೆಯಾದದ್ದನ್ನು ಕಬ್ಡೇಶ್ ಒಬ್ಬನೇ ನೋಡಿದ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಚಹಾ ಸುರಿಯುವ ಹೊತ್ತಿಗೆ ಹೊರಗೆ ಇನ್ನೊಂದು ಗಾಡಿಯ ಸದ್ದಾಯಿತು. ಒರಿನ್‌ಬಸಾರ್ ಎದ್ದು ನಿಂತ. ಅವನನ್ನು ನೋಡಿ ಎಲ್ಲರೂ ಎದ್ದರು. ಬಾಗಿಲು ತೆರೆಯಿತು. ಚಾಲಕನ ತೋಳು ಹಿಡಿದು, ನರಿಯ ತುಪ್ಪಳದ ಟೋಪಿ ತೊಟ್ಟ ಮುದುಕನೊಬ್ಬ ಗಡ್ಡದ ಹಿಮ ಕೊಡವುತ್ತ ಒಳಗೆ ಬಂದ.

ಕಬ್ಡೇಶನಿಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅಪ್ಪ. ಅಧ್ಯಕ್ಷರನ್ನು ಕೂರಿಸಿಕೊಂಡು ಅಪ್ಪನಿರುವ ಹಳ್ಳಿಯ ಮೇಲೆ ಎಷ್ಟೋ ಸಲ ಹಾರಿದ್ದನೇ ಹೊರತು ಹಳ್ಳಿಯಲ್ಲಿ ಇಳಿದು ಬಹಳ ಕಾಲವಾಗಿತ್ತು.

"ದಾರೀಲಿ ಹಿಮ ಬಿದ್ದು ತಡ ಆಯ್ತು," ಎಂದ ಮುದುಕ, ಯಾರ ಮೇಲೂ ಅಲ್ಲದ ಕೋಪದಲ್ಲಿ. "ನಾ ಬರಲ್ಲ ಅಂದೆ. ನಿಮ್ಮ ಆ ಹುಡುಗ ಬಿಡಬೇಕಲ್ಲ. ದಿನಾ ಫೋನು. 'ಅಜ್ಜ, ವಿಮಾನಕ್ಕೆ ನೀವೇ ಹರಸಬೇಕು, ಆಗಾ ಅವರಿಗೆ ಹೇಳಬೇಡಿ, ಗುಟ್ಟು' ಅಂತ ಒಂದೇ ಸಮ. ಸಾಲ ವಸೂಲಿಗೆ ಬಂದೋರೂ ಹಿಂಗೆ ಕಾಡಲ್ಲ."

ಎಲ್ಲರೂ ನಕ್ಕರು.

ರಿಸ್ತಿ ತಟ್ಟೆ ತಂದು ಮುದುಕನ ಮುಂದಿಟ್ಟು ಬಿಳಿ ಬಟ್ಟೆ ತೆಗೆದಳು. "ಕ್ಯಾಪ್ಟನ್ ಮುಖ ನೋಡಬೇಕಿತ್ತು, ತಲೆ ಬರಲಿಲ್ಲ ಅಂತ ಎಷ್ಟು ಬಾಡಿತ್ತು," ಎಂದಳು.

"ಇವನಿಗೆ ತಲೆನಾ?" ಮುದುಕ ಮಗನ ಕಡೆ ತಿರುಗಿದ. "ಅಪ್ಪ ಬದುಕಿರೋನ ಮುಂದೆ ತಲೆ ಇಡ್ತಾರೇನೋ? ನಾನು ಸತ್ತೆ ಅಂದ್ಕೊಂಡ್ಯಾ?"

ಅದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಪ್ರದಾಯ. ಹಿಂದಿನ ಕ್ಯಾಪ್ಟನ್‌ಗೆ ತಲೆ ಬಂದದ್ದು ಅವನ ಅಪ್ಪ ಮಣ್ಣು ಸೇರಿದ್ದರಿಂದ. ಆ ಒಂದು ಸೀಟಿನ ಚಿಂತೆಯಲ್ಲಿ ಕಬ್ಡೇಶನಿಗೆ ಅಪ್ಪನಿದ್ದಾನೆ ಎನ್ನುವುದೇ ಮರೆತುಹೋಗಿತ್ತು. ಅಪ್ಪನೇ ಇಲ್ಲದವನು ನೆನಪಿಟ್ಟುಕೊಂಡಿದ್ದ.

"ಇನ್ನು ಹೇಳಬಹುದು," ಎಂದ ಒರಿನ್‌ಬಸಾರ್. "ಆದೇಶಕ್ಕೆ ನಿನ್ನೆ ಸಹಿ ಆಗಿದೆ. ಎಡಗಡೆ ನೀನೇ. ಮುಂದಿನ ತಿಂಗಳು ಕಲಿಯೋಕೆ ಹೊರಡು. ಎರ್ಸಾಯಿನ್‌ನ ಕೇಳಿದ್ವಿ, ನೀನೇ ಕೂರ್ತೀಯಾ ಅಂತ. ಆಗಾ ಇರೋವಾಗ ನಾನು ಕೂರಲ್ಲ ಅಂದ. ಎಲ್ಲಿ ಅವನು?"

ಯಾರಿಗೂ ಗೊತ್ತಿರಲಿಲ್ಲ. ಯಾರೋ ಫೋನು ಮಾಡಿದರು. ಆಫ್ ಆಗಿತ್ತು. ಕಬ್ಡೇಶ್ ಕಿಟಕಿಯಾಚೆ, ಕರಿ ಕಾರು ಹೋದ ದಾರಿಯ ಕಡೆ ನೋಡಿದ.

ಮುದುಕ ಅಂಗೈಗಳನ್ನು ಬಿಡಿಸಿ ಹರಸಿದ. ವಿಮಾನ ಏರಿದಷ್ಟೇ ಸಲ ಇಳಿಯಲಿ, ಒಳಗೆ ಕೂತವರು ಒಬ್ಬರನ್ನೊಬ್ಬರು ನಂಬಲಿ ಎಂದ. ಎಲ್ಲರೂ ಮುಖ ಸವರಿಕೊಂಡು ಆಮೀನ್ ಎಂದರು. ಆಮೇಲೆ ಮುದುಕ ಚಾಕು ತೆಗೆದುಕೊಂಡು, ಕೆನ್ನೆಯ ಒಂದು ಚೂರು ತಿಂದು, ಬಲಗಿವಿಯನ್ನು ಕೊಯ್ದು, ಮಕ್ಕಳಿಗೆ ಕೊಡುವ ಹಾಗೆ ನರೆತ ಕೂದಲಿನ ಮಗನಿಗೆ ಚಾಚಿದ.

"ತಿನ್ನು. ದೊಡ್ಡೋರ ಮಾತು ಕೇಳೋ ಕಿವಿ ಬರಲಿ."

ಕಬ್ಡೇಶ್ ತಿಂದ.

ಮುದುಕ ಇನ್ನೊಂದು ಕಿವಿಯನ್ನೂ ಕೊಯ್ದು, ಬೆರಳುಗಳ ನಡುವೆ ಹಿಡಿದುಕೊಂಡು ಸುತ್ತ ನೋಡಿದ.

"ಇದು ಆ ಹುಡುಗಂಗೆ," ಎಂದ. "ತನಗೆ ಹಿಂಗೆ ಕೊಯ್ದು ಕೊಡೋಕೆ ಅಪ್ಪ ಇಲ್ಲ ಅಂದಿದ್ದ. ಕರೀರಿ ಅವನನ್ನ, ಕೈ ನೋಯ್ತಿದೆ."