ಮುಚ್ಚಳದ ಒಳಗಿನ ಅಕ್ಷರ

ನನಗೆ ನಾಲ್ವರು ಸವತಿಯರು. ಎಲ್ಲರೂ ನಮ್ಮ ಮುಂದಿನ ಕೋಣೆಯಲ್ಲೇ ಸಾಲಾಗಿ ನಿಂತಿದ್ದಾರೆ. ಮೇಲಿನಿಂದ ಬಟ್ಟೆ ಹಾಕುವ, ನನಗಿಂತ ವಯಸ್ಸಾದ ವಾಷಿಂಗ್ ಮೆಷಿನ್‌ಗಳು. ನಮ್ಮ ಯಜಮಾನರಿಗೆ ಅವುಗಳ ಹುಚ್ಚು. ಅಂಚೆ ಕಚೇರಿಯಿಂದ ಬಂದವರೇ ಬೂಟು ಬಿಚ್ಚುವ ಮೊದಲು ಒಂದರ ಮುಚ್ಚಳ ತೆಗೆದು, ನಡುವಿನ ಕಂಬ ಕಡೆಗೋಲಿನಂತೆ ಅತ್ತಿತ್ತ ತಿರುಗುವುದನ್ನು ನೋಡುತ್ತ ನಿಂತುಬಿಡುತ್ತಾರೆ. ಬೀದಿಯವರು ಅವರಿಗೆ ಟಬ್ಬಣ್ಣ ಎಂದೇ ಹೆಸರಿಟ್ಟಿದ್ದಾರೆ. ಮೆಷಿನ್ ಮೇಲೆ ಒಂದು ಬೆರಳಿನ ಗುರುತು ಕಂಡರೂ ಇವರಿಗೆ ಊಟ ಸೇರುವುದಿಲ್ಲ.

ಕಳೆದ ತಿಂಗಳು ಒಬ್ಬ ಟೈಲರಮ್ಮ, ಇವರು ರಿಪೇರಿಯನ್ನೂ ಮಾಡುತ್ತಾರೆಂದು ಕೇಳಿ, ತಮ್ಮ ತಾಯಿಯ ಹಳೆಯ ವಾಷಿಂಗ್ ಮೆಷಿನ್ ತಂದಿಳಿಸಿದರು. ತಾಯಿ ತೀರಿಕೊಂಡು ವರ್ಷವಾಗಿತ್ತಂತೆ.

"ಬೆಲ್ಟ್ ಹರಿದಿದೆ ಅಣ್ಣಾ. ಅದೊಂದು ಹಾಕ್ಕೊಡಿ ಸಾಕು, ಬೇರೇನೂ ಮುಟ್ಬೇಡಿ," ಎಂದರು.

ಬೆಲ್ಟು ಅರ್ಧ ಗಂಟೆಯ ಕೆಲಸ. ಆದರೆ ಇವರ ಕೈ ಸುಮ್ಮನಿರಬೇಕಲ್ಲ! ತುಕ್ಕು ಉಜ್ಜಿದರು, ಬಣ್ಣ ಹಚ್ಚಿದರು, ಕೊನೆಗೆ ಮುಚ್ಚಳ ಎತ್ತಿದರು. ಅದರ ಒಳಬದಿಯಲ್ಲಿ ಯಾರೋ ಪೆನ್ನಿನಿಂದ ಬರೆದಿದ್ದರು. ಇವರು ನನಗೆ ಓದಿ ಹೇಳಿದರು: "ಅಪ್ಪನ ಬಿಳಿ ಶರ್ಟು ಬೇರೆ. ಚಿನ್ನಿಯ ಉಣ್ಣೆ ಅಂಗಿಗೆ ತಣ್ಣೀರು. ಜೇಬು ನೋಡುವುದು." ಓದಿ ಮುಗಿಸಿ, "ನೋಡೇ, ಇಷ್ಟು ಒಳ್ಳೇ ಮುಚ್ಚಳಾನ ಹೇಗೆ ಹಾಳ್ಮಾಡಿದಾರೆ!" ಎಂದು ಲೊಚಗುಟ್ಟಿದರು.

ಒರೆಸಲು ಹಳೆಯ ಬನಿಯನ್ ಹರಿದು ಕೊಟ್ಟವಳು ನಾನೇ. ಆ ಪಾಪದಲ್ಲಿ ನನಗೂ ಪಾಲಿದೆ.

ಟೈಲರಮ್ಮ ಬಂದವರು ಹೊಸ ಬಣ್ಣವನ್ನು ನೋಡಲೇ ಇಲ್ಲ. ನೇರವಾಗಿ ಮುಚ್ಚಳ ಎತ್ತಿದರು. ಒಳಗೆ ಬರೀ ಬಿಳುಪು. ಅದನ್ನು ಅಂಗೈಯಿಂದ ಒಮ್ಮೆ ಸವರಿದರು.

"ಅಮ್ಮನ ಅಕ್ಷರ ಅಂತ ಉಳಿದಿದ್ದು ಇದೊಂದೇ," ಎಂದರು. "ಅವಳು ಇನ್ನೆಲ್ಲೂ ಏನೂ ಬರೆದಿಡಲಿಲ್ಲ."

ಇವರು, "ನಂಗೆ ನೆನಪಿದೆಯಮ್ಮಾ, ಬರೆದುಕೊಡ್ತೀನಿ," ಎಂದು ಪೆನ್ನಿಗೆ ತಡಕಾಡಿದರು.

"ಬೇಡಣ್ಣ. ಅದು ನಿಮ್ಮ ಅಕ್ಷರ ಆಗುತ್ತೆ. ಬಾಯಲ್ಲೇ ಹೇಳಿ."

ಇವರು ಹೇಳಿದರು. ಚಿನ್ನಿ ಎಂಬಲ್ಲಿ ಟೈಲರಮ್ಮ ಕಣ್ಣು ಮುಚ್ಚಿಕೊಂಡರು. "ಇನ್ನೊಂದ್ಸಲ ಹೇಳಿ," ಎಂದರು. ಇವರು ಮೊದಲಿಂದ ಜೇಬಿನ ತನಕ ಮತ್ತೆ ಹೇಳಿದರು. ಆಕೆ ಒಂದು ಮಾತೂ ಬೈಯದೆ ಮೆಷಿನ್ ಸಾಗಿಸಿಕೊಂಡು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಹದಿನೈದು ದಿನ ಇವರು ಯಾವ ಮುಚ್ಚಳವನ್ನೂ ತೆಗೆಯಲಿಲ್ಲ. ನನಗೆ ಸಿಟ್ಟೂ ಇತ್ತು, ಕರುಳೂ ಚುರುಕ್ಕೆನ್ನುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಪೆನ್ನು ತೆಗೆದುಕೊಂಡು, ಇವರ ಅಚ್ಚುಮೆಚ್ಚಿನ ಮೆಷಿನ್‌ನ ಮುಚ್ಚಳ ಎತ್ತಿ ಒಳಗೆ ಬರೆದೆ: 'ನಿಮ್ಮ ಕಚೇರಿ ಅಂಗಿ ಬೇರೆ. ಜೇಬು ನೋಡಿಕೊಳ್ಳಿ.' ಮುಚ್ಚಳವನ್ನು ತೆರೆದೇ ಇಟ್ಟೆ.

ಇವರು ಬಂದು ಓದಿದರು. ನನ್ನ ಮುಖ ನೋಡಿದರು. ಒರೆಸುವ ಬಟ್ಟೆ ತಂದು ಮುಚ್ಚಳದ ಮೂಲೆಯಿಂದ ಒರೆಸತೊಡಗಿದರು. ನನ್ನ ಸಾಲಿನ ಹತ್ತಿರ ಬಂದಾಗ ಕೈ ನಿಂತಿತು. ಅದನ್ನು ಬಿಟ್ಟು ಸುತ್ತಲೂ ಒರೆಸಿದರು.