ನೂರ ಇಪ್ಪತ್ತೊಂಬತ್ತರಲ್ಲಿ ನಿಂತ ಸಾಲು

ಪರದೆಯ ಮೇಲೆ ಮತ್ತೆ ನೂರ ಇಪ್ಪತ್ತೊಂಬತ್ತು, ಸರ್ವರಿನ ಬಾಗಿಲಲ್ಲಿ ಕಾಯುತ್ತಿರುವವರ ಲೆಕ್ಕ, ಒಂದು ಕ್ಷಣ ಇಪ್ಪತ್ತೇಳಕ್ಕೆ ಇಳಿದು ಪುನಃ ಇಪ್ಪತ್ತೊಂಬತ್ತು, ಪಕ್ಕದ ಅಂಕಣದಲ್ಲಿ ಮಿತಿ ನೂರ ಇಪ್ಪತ್ತೆಂಟು, ಅದರ ಮೇಲೆ ಒಬ್ಬರಿಗಷ್ಟೇ ಜಾಗ, ಆ ಅಂಕಿ ಮಾತ್ರ ಕದಲುವುದಿಲ್ಲ — ಕಿಟಕಿಯಾಚೆ ಹೆಬ್ಬಾಳದ ಫ್ಲೈಓವರ್ ಮೇಲೂ ಯಾರೂ ಕದಲುತ್ತಿಲ್ಲ, ನಾಲ್ಕೂ ಮುಕ್ಕಾಲು, ಐದಕ್ಕೆ ನಮ್ಮ ವೆಬ್‌ಸೈಟಿನಲ್ಲಿ ನರ್ಸಿಂಗ್ ಸೀಟಿನ ಅರ್ಜಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಅದು ನಮ್ಮ ಕೈಯಲ್ಲಿಲ್ಲ, ಮತ್ತು ಮ್ಯಾನೇಜರ್ ಮನೋಹರ್ ಕುರ್ಚಿಯಿಂದಲೇ ಕೂಗುತ್ತಿದ್ದಾನೆ, ಕರ್ನಲ್ ಲಿಮಿಟ್ ಸಾವಿರದ ಇಪ್ಪತ್ನಾಲ್ಕು ಮಾಡ್ದೆ ಗುರು, ಸರಿಹೋಗುತ್ತೆ ನೋಡ್ತಿರಿ. ಸರಿಹೋಗುವುದಿಲ್ಲ. ಕರ್ನಲ್, ಅಂದರೆ ಯಂತ್ರದ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು, ಅದರ ಮಿತಿ ಈಗ ಏರಿದರೇನು, ಸರ್ವರ್ ಎದ್ದು ಬಾಗಿಲಲ್ಲಿ ಕೂತ ಗಳಿಗೆಯಲ್ಲೇ ಸಾಲಿನ ಉದ್ದ ನಿಗದಿಯಾಗಿಬಿಡುತ್ತದೆ, ಆಮೇಲೆ ಎಷ್ಟು ಏರಿಸಿದರೂ ಅದು ಹಳೆಯ ಮಿತಿಯನ್ನೇ ಹಿಡಿದು ಕೂತಿರುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಬೇಕು, ಅಷ್ಟೇ, ಒಂದು ಮಾತು, ಅದು ನನ್ನ ಬಾಯಲ್ಲೇ ಇದೆ, ನಾನು ಹೇಳುವುದಿಲ್ಲ.

ಎರಡು ವರ್ಷ ಕಾದಿದ್ದೇನೆ, ಎರಡು ಸಾವಿರದ ಹನ್ನೆರಡರ ಜೂನಿನಿಂದ, ಅಂದೂ ಇದೇ ಸೈಟು ಇದೇ ಮಿತಿಗೆ ಸಿಕ್ಕಿ ಮಲಗಿತ್ತು, ಎರಡು ವಾರ ಮೊದಲೇ ನಾನು ಅವನಿಗೆ ಮೇಲ್ ಬರೆದಿದ್ದೆ, ಪ್ರೋಗ್ರಾಮಿನಲ್ಲಿ ಸಾವಿರದ ಇಪ್ಪತ್ನಾಲ್ಕು ಎಂದು ಬರೆದರೆ ಸಾಲದು, ಕರ್ನಲ್ ಹೇಳದೆ ಕೇಳದೆ ನೂರ ಇಪ್ಪತ್ತೆಂಟಕ್ಕೆ ಕತ್ತರಿಸುತ್ತದೆ ಎಂದು, ಓದಲಿಲ್ಲ, ಆದರೆ ಮೀಟಿಂಗಿನಲ್ಲಿ ಇಪ್ಪತ್ತು ಜನರ ಮುಂದೆ ನನ್ನತ್ತ ಬೆರಳು ಮಾಡಿ, ಸರಳಾ ಮಿಸ್ ಮಾಡ್ಬಿಟ್ರು, ಹೊಸಬರು, ಬಿಡಿ — ಆ ಬಿಡಿ ಎನ್ನುವುದರ ದೊಡ್ಡಸ್ತಿಕೆ, ಆ ನಗು, ನಾನು ಎಲ್ಲರಿಗೂ ಕ್ಷಮಾಪಣೆಯ ಮೇಲ್ ಕಳಿಸಿ ಹೆಲ್ಪ್‌ಡೆಸ್ಕಿನ ಈ ಮೂಲೆಗೆ ಬಿದ್ದೆ, ಫೋನು ನೋಡಿಕೊಳ್ಳುವ ರತ್ನಕ್ಕನ ಪಕ್ಕಕ್ಕೆ. ಇಂಗೇ ಸುತ್ತುತಾ ಇರ್ತದೆ ಕಣಮ್ಮ, ಮುಚ್ಬೇಡಿ, ಕಾಯ್ತಾ ಇರಿ, ಎನ್ನುತ್ತಿದ್ದಾಳೆ ರತ್ನಕ್ಕ ಫೋನಿನಲ್ಲಿ — ಮತ್ತೆ ಆರ್.ಟಿ. ನಗರದ ಫಖ್ರುನ್ನೀಸಾಳ ಕರೆ, ಮಗಳ ಅರ್ಜಿ, ಐದನೆಯ ಸಲ — ಕನೆಕ್ಟ್ ಆಗಿದೆ ಅಂತ ತೋರಿಸ್ತದಂತೆ ಸರಳಾ, ಪುಟ ಮಾತ್ರ ಬರ್ತಿಲ್ವಂತೆ. ಹಾಗೆಯೇ ಆಗುವುದು, ಬಾಗಿಲಲ್ಲಿ ಕೈಕುಲುಕಿದ್ದನ್ನೇ ಅವಳ ಕಂಪ್ಯೂಟರು ಒಳಗೆ ಕರೆದರೆಂದು ನಂಬಿಕೊಂಡಿದೆ, ಒಳಗಿನ ಸಾಲು ತುಂಬಿದೆ, ಕರ್ನಲ್ ಕೈಬಿಟ್ಟಿದೆ, ಬಿಟ್ಟೆನೆಂದು ಹೇಳಿಯೂ ಇಲ್ಲ. ಆ ತಾಯಿ ನನಗೇನು ಮಾಡಿದ್ದಾಳೆ, ಏನೂ ಇಲ್ಲ, ಗೊತ್ತು, ಗೊತ್ತಿದ್ದೂ ತುಟಿ ಬಿಚ್ಚುವುದಿಲ್ಲ, ಅವನು ಮುಳುಗಲಿ, ಎಲ್ಲರೂ ನೋಡುತ್ತಿರುವಾಗ ಮುಳುಗಲಿ.

ಐದಕ್ಕೆ ನಾಲ್ಕು ನಿಮಿಷ, ಮನೋಹರ್ ಬಂದ, ಕತ್ತು ಒರೆಸಿಕೊಳ್ಳುತ್ತಾ ಬಂದ, ನಿಮಗೇನೋ ಗೊತ್ತಿದೆ ಸರಳಾ, ಹೇಳ್ರೀ ಪ್ಲೀಸ್. ಅವತ್ತು ತಪ್ಪು ಯಾರದ್ದು ಅಂತ ಎಲ್ಲರಿಗೂ ಹೇಳಿ ಮೊದಲು, ಎಂದೆ. ಈಗಾ? ಈಗಲೇ. ಅವನು ತಿರುಗಿ ನಿಲ್ಲುತ್ತಾನೆ, ಕೀಬೋರ್ಡುಗಳ ಸದ್ದು ನಿಲ್ಲುತ್ತದೆ, ಅವತ್ತಿಂದು ನನ್ನ ಮಿಸ್ಟೇಕು, ಸರಳಾ ಮೇಲ್ ಮಾಡಿದ್ರು, ನಾನು ಓದ್ಲಿಲ್ಲ — ಹಿಂದೆ ಕೂತವರಿಗೆ ಕೇಳಿಸಲಿಲ್ಲ ಎಂದೆ, ಮತ್ತೆ ಹೇಳಿದ, ಎಷ್ಟು ಹಿತವಾಗಿತ್ತು, ಸಾಲಲಿಲ್ಲ, ಕ್ಷಮಾಪಣೆಯ ಮೇಲ್ ನನ್ನಿಂದ ಬರೆಸಿದ್ದು ಯಾರೆಂದೂ ಹೇಳಿ ಎಂದೆ, ಹೇಳಿದ, ತಡವರಿಸಿಕೊಂಡು ಹೇಳಿದ, ನಾನು ಅವಸರಪಡಿಸಲಿಲ್ಲ. ಆಮೇಲೆ ರೀಸ್ಟಾರ್ಟ್, ನಾನೇ ಒತ್ತಿದೆ, ಸಾಲಿನಲ್ಲಿದ್ದವರೆಲ್ಲ ಒಮ್ಮೆ ಕಡಿದುಹೋಗಿ ಮತ್ತೆ ಬಂದರು, ಮಿತಿ ಸಾವಿರದ ಇಪ್ಪತ್ನಾಲ್ಕು, ಯಾರೋ ಚಪ್ಪಾಳೆ ತಟ್ಟಿದರು, ಐದು ಗಂಟೆ ಒಂದು ನಿಮಿಷ. ಪುಟ ಬಂತಂತೆ, ರತ್ನಕ್ಕ ನನ್ನ ಮುಖ ನೋಡುತ್ತಿಲ್ಲ, ಅರ್ಜಿ ಹಾಕೋ ಟೈಮು ಮುಗಿದಿದೆ ಅಂತ ಬರ್ದಿದ್ಯಂತೆ, ಆಯಮ್ಮನ ಮಗಳೇ ಲೈನಲ್ಲಿದಾಳೆ, ನೀನೇ ಮಾತಾಡು, ನನ್ ಕೈಲಾಗಲ್ಲ, ರಿಸೀವರನ್ನು ನನ್ನ ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾಳೆ, ಅದರೊಳಗಿಂದ ಹುಡುಗಿಯ ಸಣ್ಣ ದನಿ, ಹಲೋ, ಮೇಡಂ, ಯಾರಾದ್ರೂ ಇದೀರಾ, ಇದ್ದೇನೆ, ಕೈ ಚಾಚಬೇಕು, ಚಾಚುವುದಿಲ್ಲ, ಮೇಜಿನ ಮೇಲೆ ರಿಸೀವರು, ಹಲೋ, ಹಲೋ, ಮೇಜಿನ ಮೇಲೆ ರಿಸೀವರು —