ಬರೆದುಕೊಟ್ಟ ಜ್ವರ

ಜ್ವರವಿಲ್ಲದವನು ದಿನಕ್ಕೆ ಮೂರು ಸಲ ಮಲೇರಿಯಾ ಔಷಧಿ ಕ್ವಿನೈನ್ ಕುಡಿದರೆ ಏನಾಗುತ್ತದೆ ಎಂದು ಡಾಕ್ಟರ್ ಮುನಿರಾಮಪ್ಪನವರು ವೈದ್ಯ ಕಾಲೇಜಿನಲ್ಲಿ ಹದಿಮೂರು ವರ್ಷ ಪಾಠ ಹೇಳಿದ್ದರು. ಕಿವಿ ಗುಂಯ್‌ಗುಡುತ್ತದೆ, ತಲೆ ಸುತ್ತುತ್ತದೆ, ಅನ್ನ ಸೇರುವುದಿಲ್ಲ. ಈಗ ತಮ್ಮೂರು ಶ್ರೀನಿವಾಸಪುರದ ಮನೆಯಲ್ಲಿ ಮಂಚದ ಮೇಲೆ ಕೂತು ಆ ಪಾಠವನ್ನು ತಾವೇ ಒಪ್ಪಿಸುತ್ತಿದ್ದರು.

ಆದದ್ದು ಇಷ್ಟೇ. ಫೆಬ್ರವರಿಯ ಒಂದು ಬೆಳಗ್ಗೆ ತರಗತಿಯಲ್ಲಿ ಪಾಠದ ನಡುವೆ ಮಾತು ಕಟ್ಟಿಹೋಯಿತು. ಅರವತ್ತು ಹುಡುಗರು ಪೆನ್ನು ಹಿಡಿದು ಕಾದರು. ಅಂದಿನಿಂದ ಆ ಕೋಣೆಯ ಬಾಗಿಲು ಕಂಡರೆ ಸಾಕು, ಎದೆ ಹಿಡಿದುಕೊಳ್ಳುತ್ತಿತ್ತು. ಜೊತೆಯ ಮೇಷ್ಟ್ರುಗಳಿಗೆ ಹೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ಅವರಲ್ಲೊಬ್ಬರು ನಿದ್ದೆ ಬರುವುದಿಲ್ಲವೆಂದು ರಜೆ ಕೇಳಿದಾಗ, "ಹುಚ್ಚಾಸ್ಪತ್ರೆಗೆ ಒಬ್ಬ ಪ್ರೊಫೆಸರು ಬೇಕಂತೆ" ಎಂದು ಎಲ್ಲರನ್ನೂ ನಗಿಸಿದವರು ಮುನಿರಾಮಪ್ಪನವರೇ.

ಊರಿನ ದವಾಖಾನೆಯ ಡಾಕ್ಟರ್ ಹಿದಾಯತುಲ್ಲಾ ಅವರ ಹಳೆಯ ಶಿಷ್ಯ. ಗುರುಗಳು ಹೇಳಿದ್ದನ್ನೆಲ್ಲ ಕೇಳಿ, ರಜೆಯ ಸರ್ಟಿಫಿಕೇಟಿನಲ್ಲಿ ಮಲೇರಿಯಾ ಎಂದು ಬರೆದ. "ಮನಸ್ಸು ಅಂತ ಬರೆದ್ರೆ ನಿಮ್ಮ ಕುರ್ಚಿ ಉಳಿಯಲ್ಲ, ಸಾರ್." ಸುಳ್ಳಿಗೆ ಸಾಕ್ಷಿಯಿರಲೆಂದು ಒಂದು ಬಾಟಲಿ ಕ್ವಿನೈನನ್ನೂ ಕಳಿಸಿದ. ಮನೆಯಲ್ಲಿ ಹೆಂಡತಿ ಅನಸೂಯಮ್ಮ ಇದ್ದಾರೆಂಬುದನ್ನು ಇಬ್ಬರು ಡಾಕ್ಟರೂ ಮರೆತಿದ್ದರು.

ಹದಿನೈದನೆಯ ದಿನ ಹಿದಾಯತುಲ್ಲಾ ಬಂದ.

"ಇದೇನ್ ಔಷಧೀನೋ ಡಾಕ್ಟ್ರೇ," ಎಂದರು ಅನಸೂಯಮ್ಮ. "ಕೂಗಿದ್ರೂ ಕೇಳ್ಸಲ್ಲ ಇವರಿಗೆ. ಅನ್ನಾನೂ ಸೇರ್ತಿಲ್ಲ. ಒಂದ್ ಚಮಚ ಜಾಸ್ತಿ ಹಾಕ್ಲಾ?"

"ಬೇಡ ಅಮ್ಮಾವ್ರೇ, ಬೇಡ!"

ಆಕೆ ಕಾಫಿಗೆಂದು ಒಳಹೋದ ಮೇಲೆ ಹಿದಾಯತುಲ್ಲಾ ಅವರ ಕಿವಿಯ ಹತ್ತಿರಕ್ಕೆ ಬಾಗಿದ. "ಸಾರ್, ನಿಜವಾಗ್ಲೂ ಕುಡಿದ್ರಾ? ಕಿಟಕಿಯಾಚೆ ಚೆಲ್ಲೋದಲ್ವಾ?"

"ನುಂಗೋವರ್ಗೂ ಎದುರಿಗೇ ನಿಂತಿರ್ತಾಳೆ ಕಣಯ್ಯಾ. ಬಾಯಿ ತೆಗೆಸಿ ನೋಡ್ತಾಳೆ. ಪರೀಕ್ಷೇಲಿ ನಾನು ನಿನಗೆ ಇಷ್ಟು ಹಿಂಸೆ ಕೊಟ್ಟಿರ್ಲಿಲ್ಲ."

"ಕೊಟ್ಟಿದ್ರಿ, ಸಾರ್. ಎರಡ್ ಸಲ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ಅಮ್ಮಾವ್ರಿಗೆ ಹೇಳ್ಬಿಡಿ, ಸಾರ್. ಇನ್ನೂ ಕುಡಿದ್ರೆ ಕಣ್ಣೇ ಹೋದೀತು."

ಅನಸೂಯಮ್ಮ ಕಾಫಿ ತಂದಾಗ ಮುನಿರಾಮಪ್ಪನವರು ಹೇಳಿದರು. ಜ್ವರವಿಲ್ಲ ಎಂದರು, ತರಗತಿಯ ಬಾಗಿಲಿನ ಭಯವನ್ನು ಹೇಳಿದರು. ಹೇಳಿ ಮುಗಿಸಿ ಕಾದರು. ಯಾಕೆ ಹಾಗಾಯಿತು ಎಂದು ಆಕೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಎಷ್ಟೋ ದಿನದಿಂದ ಅವರು ಆ ಒಂದು ಪ್ರಶ್ನೆಗೆ ಬಾಯಾರಿದ್ದರು.

ಅನಸೂಯಮ್ಮ ಎದ್ದು ಹೋಗಿ ಬೀದಿಯ ಬಾಗಿಲಿಗೆ ಅಗುಳಿ ಹಾಕಿದರು.

"ಇನ್ಯಾರಿಗ್ ಗೊತ್ತು?"

"ಯಾರಿಗೂ ಇಲ್ಲ."

"ಉಗಾದಿ ಆಗ್ತಿದ್ದಂಗೆ ನಮ್ ಭಾರತಮ್ಮನ್ನ ನೋಡಕ್ ಬರ್ತಾರೆ. ಹೆಣ್ಣಿನ ಅಪ್ಪನಿಗೆ ತಲೆ ಸರಿಯಿಲ್ಲ ಅಂದ್ರೆ ಯಾರು ನಮ್ ಹೊಸಲು ತುಳೀತಾರೆ?" ಆಕೆ ಹಿದಾಯತುಲ್ಲಾನತ್ತ ತಿರುಗಿದರು. "ಇನ್ನೂ ಹದಿನೈದು ದಿನ ಮಲೇರಿಯಾನೇ ಬರೀರಿ, ಡಾಕ್ಟ್ರೇ."

ಬಾಟಲಿಯನ್ನು ಬಚ್ಚಲಿಗೆ ಸುರಿದು, ನೀರು ತುಂಬಿ, ಬೀದಿಗೆ ಕಾಣುವಂತೆ ಕಿಟಕಿಯಲ್ಲಿಟ್ಟರು. ಗಂಡನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಏನ್ ಅನಸೂಯಾ, ಹಗಲೊತ್ನಾಗೇ ಅಗುಳಿ?" ಪಕ್ಕದ ಮನೆಯ ಮುದುಕಿ ಅಕ್ಕಯಮ್ಮ.

ಅನಸೂಯಮ್ಮ ಅಗುಳಿಯ ಮೇಲೆ ಕೈಯಿಟ್ಟು ಈಗ ಗಂಡನತ್ತ ನೋಡಿದರು. ಹೊರಗೆ ಮಾರ್ಚಿನ ಬಿಸಿಲು ಸುಡುತ್ತಿತ್ತು. ಮುನಿರಾಮಪ್ಪನವರು ಮಲಗಿ, ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.

"ಜ್ವರ ಬಿಡ್ತೇನಪ್ಪಾ?" ಅಗುಳಿ ತೆಗೆದೊಡನೆ ಅಕ್ಕಯಮ್ಮ ಒಳಬಂದು ಕೇಳಿದಳು.

"ಇಲ್ಲಮ್ಮಾ, ದಿನಾ ಚಳಿ ಬರ್ತೈತೆ," ಎಂದರು ಮುನಿರಾಮಪ್ಪನವರು.

ಅಕ್ಕಯಮ್ಮ ಅವರ ಹಣೆ ಮುಟ್ಟಿ ನೋಡಿ ಸಮಾಧಾನಪಟ್ಟಳು. "ಬೆವರು ಒಡೆದೈತೆ. ಇನ್ನೇನ್ ಭಯ ಇಲ್ಲ."